ಅಂಗನವಾಡಿ ತರಬೇತಿಯಲ್ಲಿ ಕಲೆ: ಮೂರು ದಿನ ಸಿಕ್ಕರೆ ಏನು ಮಾಡಿಸಬೇಕು?

ಕೊಪ್ಪಳದ ತರಬೇತುದಾರ

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಅಂಗನವಾಡಿ ಕಾರ್ಯಕರ್ತೆಯರಿಗೂ ಸರ್ಕಾರಿ ಶಾಲೆಗಳ ಎಲ್‌ಕೆಜಿ, ಯುಕೆಜಿ ಅತಿಥಿ ಶಿಕ್ಷಕಿಯರಿಗೂ ಸೇರಿಸಿ ಮೂರು ದಿನದ ತರಬೇತಿ ನಡೆಸುವ ಹೊಣೆ ನನಗೆ ಬಂದಿದೆ. ಹಾಡು, ಚಿತ್ರ, ಮಣ್ಣು, ಗೊಂಬೆ, ಅಭಿನಯ ಇವುಗಳನ್ನು ಮೂರರಿಂದ ಆರು ವರ್ಷದ ಮಕ್ಕಳ ಕಲಿಕೆಗೆ ಬಳಸುವುದು ಹೇಗೆ ಎಂಬುದು ವಿಷಯ. ಸುಮಾರು ನಲವತ್ತು ಜನ ಬರುತ್ತಾರೆ.

ಕಾಗದದ ಮೇಲೆ ಏನೂ ಕೊರತೆ ಇಲ್ಲ. 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಭಾಷೆ, ಗಣಿತಗಳ ಪಕ್ಕದಲ್ಲೇ ಸೌಂದರ್ಯಪ್ರಜ್ಞೆ ಮತ್ತು ಸಾಂಸ್ಕೃತಿಕ ಬೆಳವಣಿಗೆಗೆ ಪ್ರತ್ಯೇಕ ಜಾಗ ಕೊಟ್ಟಿದೆ. 2023ರಲ್ಲಿ ಬಂದ ‘ಪೋಷಣ್ ಭೀ ಪಢಾಯಿ ಭೀ’ ಕಾರ್ಯಕ್ರಮ ಅಂಗನವಾಡಿಯಲ್ಲಿ ದಿನಕ್ಕೆ ಕನಿಷ್ಠ 2 ಗಂಟೆ ಶಾಲಾಪೂರ್ವ ಶಿಕ್ಷಣ ನಡೆಯಬೇಕು ಎನ್ನುತ್ತದೆ.

ನನ್ನ ತಕರಾರು ಬೇರೆ. ನಾನು ಕಂಡ ಇಂಥ ತರಬೇತಿಗಳೆಲ್ಲ ಕೊನೆಯ ದಿನ ಮಧ್ಯಾಹ್ನ ಒಂದು ವಸ್ತುಪ್ರದರ್ಶನಕ್ಕೆ ಬಂದು ನಿಲ್ಲುತ್ತವೆ. ಥರ್ಮಾಕೋಲಿನ ಮನೆ, ಚಮಕಿ ಅಂಟಿಸಿದ ನವಿಲು, ಹತ್ತಿಯ ಮೊಲ. ಅಧಿಕಾರಿಗಳು ಬರುತ್ತಾರೆ, ಮೆಚ್ಚುತ್ತಾರೆ, ಫೋಟೊ ತೆಗೆಯುತ್ತಾರೆ. ಆ ನವಿಲು ಮರುವಾರ ಅಂಗನವಾಡಿಯ ಗೋಡೆ ಏರುತ್ತದೆ, ಮಗುವಿನ ಕೈಗೆ ಎಟುಕದಷ್ಟು ಎತ್ತರಕ್ಕೆ, ಪ್ಲಾಸ್ಟಿಕ್ ಹೊದಿಸಿಕೊಂಡು. ಇಡೀ ಕಲಾಪದಲ್ಲಿ ಮಗು ಎಲ್ಲಿಯೂ ಇಲ್ಲ. ಈ ಸಲ ಇದನ್ನು ಬಿಟ್ಟು ಬೇರೆ ಏನಾದರೂ ಮಾಡಬೇಕು. ಏನು ಇಟ್ಟುಕೊಳ್ಳಲಿ, ಏನು ಕೈಬಿಡಲಿ? ಬಳ್ಳಾರಿ, ರಾಯಚೂರಿನವರೂ ಹೇಳಿ.

ಕುಷ್ಟಗಿ ಕಾರ್ಯಕರ್ತೆ

ಸರ್, ಮೊದಲನೆಯದಾಗಿ ಊಟವಾದ ಮೇಲೆ ದೀಪ ಆರಿಸಿ ಪರದೆಯ ಮೇಲೆ ಸ್ಲೈಡುಗಳನ್ನು ತೋರಿಸಬೇಡಿ. ಬೆಳಗಿನ ಜಾವ ಎದ್ದು ಮನೆಗೆಲಸ ಮುಗಿಸಿ ಬಸ್ ಹಿಡಿದು ಬಂದವರು ನಾವು. ನಿದ್ದೆ ಬರುವುದು ನಮ್ಮ ತಪ್ಪಲ್ಲ.

ಎರಡನೆಯದು, ತರಬೇತಿಯಲ್ಲಿ ನಮಗೆ ಏನು ಮಾಡುತ್ತೀರೋ ನಾವು ಹೋಗಿ ಮಕ್ಕಳಿಗೆ ಅದನ್ನೇ ಮಾಡುತ್ತೇವೆ. ಸಂಪನ್ಮೂಲ ವ್ಯಕ್ತಿ ಮುಂದೆ ನಿಂತು ಅಭಿನಯ ಗೀತೆ ಹೇಳುತ್ತಾರೆ, ನಾವು ಸಾಲಾಗಿ ನಿಂತು ಕೈ ಎತ್ತಿ ಇಳಿಸುತ್ತೇವೆ. ಮರುದಿನ ನಾನು ಮುಂದೆ ನಿಲ್ಲುತ್ತೇನೆ, ಮಕ್ಕಳು ಕೈ ಎತ್ತಿ ಇಳಿಸುತ್ತಾರೆ. ನೀವು ಅದನ್ನು ಕಲೆ ಎನ್ನುತ್ತೀರಿ, ನನ್ನ ಮಗ ಅದನ್ನು ಡ್ರಿಲ್ ಎನ್ನುತ್ತಾನೆ.

ಮೂರನೆಯದು. ಆ ಕೋಣೆಯಲ್ಲಿ ಕೂತಿರುವ ನಲವತ್ತು ಹೆಂಗಸರಲ್ಲಿ ಚುಕ್ಕಿ ಇಟ್ಟು ರಂಗೋಲಿ ಬಿಡಿಸಲು ಬಾರದವರು ಒಬ್ಬರೂ ಇರುವುದಿಲ್ಲ. ಸೋಬಾನೆ ಗೊತ್ತು, ಬೀಸುವ ಪದ ಗೊತ್ತಿರುವ ಹಿರಿಯರೂ ಇರುತ್ತಾರೆ, ಜೋಕುಮಾರನ ಹಾಡು ಗೊತ್ತು, ಗುಳ್ಳವ್ವನನ್ನು ಮಾಡಲು ಗೊತ್ತು, ಮಣ್ಣೆತ್ತು ಮಾಡಲು ಗೊತ್ತು. ಯಾವ ತರಬೇತಿಯಲ್ಲೂ ಯಾರೂ ನಮ್ಮನ್ನು ‘ನಿಮಗೆ ಏನು ಬರುತ್ತದೆ’ ಎಂದು ಕೇಳಿಲ್ಲ. ‘ನಿಮಗೆ ಏನು ಬರುವುದಿಲ್ಲ’ ಎಂದು ಪಟ್ಟಿ ತಂದಿರುತ್ತಾರೆ. ಮೊದಲ ದಿನ ಬೆಳಿಗ್ಗೆ ಇದನ್ನು ಕೇಳಿ ನೋಡಿ, ಅರ್ಧ ತರಬೇತಿ ಅಲ್ಲಿಯೇ ನಡೆದುಹೋಗುತ್ತದೆ.

ಚಿತ್ರಕಲಾ ಶಿಕ್ಷಕ, ಗಂಗಾವತಿ

ಅಕ್ಕನ ಮಾತು ಸರಿ. ಆದರೂ ರಂಗೋಲಿ ಬರುವ ಅದೇ ಹೆಂಗಸು ಕಾಗದ ಕೊಟ್ಟ ಕೂಡಲೇ ‘ನನಗೆ ಚಿತ್ರ ಬರುವುದಿಲ್ಲ ಸರ್’ ಎನ್ನುತ್ತಾರೆ. ಆ ಅಂಜಿಕೆ ಹೋಗುವ ತನಕ ಅವರು ಮಕ್ಕಳ ಕೈಗೆ ಬಣ್ಣ ಕೊಡುವುದಿಲ್ಲ. ಹಾಗಾಗಿ ಸುಲಭದ ರೇಖೆಗಳನ್ನು ಕಲಿಸಿ: ವೃತ್ತದಿಂದ ಬೆಕ್ಕು, ಎರಡು ಎಂಬ ಅಂಕಿಯಿಂದ ಬಾತುಕೋಳಿ, ತ್ರಿಕೋನದಿಂದ ಗುಡಿಸಲು. ಅರ್ಧ ದಿನ ಸಾಕು. ಧೈರ್ಯ ಬರುತ್ತದೆ.

ನಲಿಕಲಿ ಮೇಷ್ಟ್ರು, ಮಾನ್ವಿ

ಗುರುಗಳೇ, ಆ ಬಾತುಕೋಳಿಯನ್ನು ದಯವಿಟ್ಟು ತರಬೇಡಿ. ಒಂದನೇ ತರಗತಿಗೆ ಬರುವ ಪ್ರತಿ ಮಗುವೂ ಅದೇ ಬಾತುಕೋಳಿ ಬಿಡಿಸುತ್ತದೆ. ರಾಯಚೂರಿನ ಬಿಸಿಲಿನಲ್ಲಿ ಬೆಳೆದ ಈ ಮಕ್ಕಳು ಬಾತುಕೋಳಿಯನ್ನೇ ನೋಡಿಲ್ಲ. ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೆ ನದಿ, ಪಕ್ಕದಲ್ಲೊಂದು ತೆಂಗಿನಮರ. ಮಾನ್ವಿಯ ಬಯಲಿನಲ್ಲಿ ಕೂತು ಈ ಚಿತ್ರ ಎಲ್ಲಿಂದ ಬಂತು? ಟೀಚರ್ ಹಲಗೆಯ ಮೇಲೆ ಬಿಡಿಸಿದ್ದರು, ಅವರಿಗೆ ಅವರ ಟೀಚರ್. ಹತ್ತಿ ಹೊಲ, ಭತ್ತದ ಗದ್ದೆ, ಕಾಲುವೆ, ಟ್ರ್ಯಾಕ್ಟರ್, ತುಂಬಿದ ಟಂಟಂ, ಗುಳೆ ಹೋಗುವಾಗ ಕಟ್ಟುವ ಗಂಟು ಯಾವ ಚಿತ್ರದಲ್ಲೂ ಇಲ್ಲ.

ಮಕ್ಕಳ ಚಿತ್ರಗಳ ಬೆಳವಣಿಗೆಯ ಬಗ್ಗೆ ಕಲಾ ಶಿಕ್ಷಣ ತಜ್ಞ ವಿಕ್ಟರ್ ಲೋವೆನ್‌ಫೆಲ್ಡ್ ಹೇಳಿದ್ದು ಈಗ ಹಳೆಯ ಮಾತು, ಆದರೂ ತರಬೇತಿಗೆ ಬೇಕಾದದ್ದು. ಎರಡರಿಂದ ನಾಲ್ಕು ವರ್ಷದವರೆಗೆ ಗೀಚುವ ಹಂತ. ಮೊದಲು ಅಡ್ಡಾದಿಡ್ಡಿ ಗೀಟು, ಆಮೇಲೆ ಸುತ್ತು, ಆಮೇಲೆ ಆ ಸುತ್ತಿಗೆ ‘ಇದು ಅವ್ವ’ ಎಂದು ಹೆಸರು. ನಾಲ್ಕರಿಂದ ಏಳರವರೆಗೆ ಗುರುತಿಸಬಹುದಾದ ಆಕಾರಗಳು ಹೊರಡುತ್ತವೆ. ತಲೆಯಿಂದಲೇ ನೇರವಾಗಿ ಕಾಲು ಹೊರಟ ಮನುಷ್ಯನನ್ನು ಎಲ್ಲ ಅಂಗನವಾಡಿಗಳಲ್ಲೂ ನೋಡಬಹುದು. ಹೊಟ್ಟೆ ಇರುವುದಿಲ್ಲ. ಅದು ತಪ್ಪಲ್ಲ, ಆ ವಯಸ್ಸಿನ ಮಗು ಮನುಷ್ಯನನ್ನು ಕಾಣಿಸುವ ಬಗೆಯೇ ಹಾಗೆ. ಅಚ್ಚು ಹಾಕಿದ ಚಿತ್ರಕ್ಕೆ ಬಣ್ಣ ತುಂಬಿಸುವ ಪುಸ್ತಕಗಳನ್ನು ಲೋವೆನ್‌ಫೆಲ್ಡ್ ಖಡಾಖಂಡಿತವಾಗಿ ವಿರೋಧಿಸಿದ್ದರು: ದೊಡ್ಡವರ ಗೆರೆ ನೋಡಿದ ಮಗು ತನ್ನ ಗೆರೆಯನ್ನು ನಂಬುವುದು ಬಿಡುತ್ತದೆ ಎಂಬುದು ಅವರ ವಾದ. ನಾವಂತೂ ಗೆರೆಯಾಚೆ ಬಣ್ಣ ಹೋದರೆ ಬೈಯುತ್ತೇವೆ.

ಚಿತ್ರಕಲಾ ಶಿಕ್ಷಕ, ಗಂಗಾವತಿ

ಮೇಷ್ಟ್ರೇ, ಮಕ್ಕಳಿಗೆ ಬಾತುಕೋಳಿ ಕಲಿಸಿ ಎಂದು ನಾನು ಹೇಳಲಿಲ್ಲ. ಕಾರ್ಯಕರ್ತೆಯರಿಗೆ ಧೈರ್ಯ ಬರಲಿ ಎಂದೆ. ಧೈರ್ಯ ಬೇರೆ ದಾರಿಯಲ್ಲಿ ಬರುತ್ತದೆ ಎಂದರೆ ಆ ದಾರಿ ಯಾವುದು ಹೇಳಿ.

ನಲಿಕಲಿ ಮೇಷ್ಟ್ರು, ಮಾನ್ವಿ

ಹೇಳುತ್ತೇನೆ. ಇದ್ದಿಲಿನ ತುಂಡು ಕೊಡಿ, ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿ ಕೊಡಿ, ನೆಲದ ಮೇಲೆ ಕೂರಿಸಿ. ‘ನಿಮ್ಮ ಮನೆಯಿಂದ ಅಂಗನವಾಡಿಗೆ ಬರುವ ದಾರಿ ಬಿಡಿಸಿ’ ಎನ್ನಿ. ರಬ್ಬರ್ ಇಲ್ಲ, ಸ್ಕೇಲ್ ಇಲ್ಲ, ಮೊಬೈಲಿನಲ್ಲಿ ನೋಡುವಂತಿಲ್ಲ. ದಾರಿಯಲ್ಲಿ ನಾಯಿ ಅಟ್ಟಿಸಿಕೊಂಡು ಬಂದದ್ದು, ಸೆಗಣಿ ತುಳಿದದ್ದು, ಬಾವಿಕಟ್ಟೆ, ಗೌಡರ ಮನೆಯ ಮುಂದೆ ತಲೆ ತಗ್ಗಿಸಿ ನಡೆದದ್ದು ಎಲ್ಲ ಬರುತ್ತದೆ. ಆಮೇಲೆ ಇಬ್ಬಿಬ್ಬರಾಗಿ ಕೂತು ಒಬ್ಬರ ದಾರಿಯನ್ನು ಇನ್ನೊಬ್ಬರಿಗೆ ಹೇಳಲಿ. ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬ ಮಾತೇ ಏಳುವುದಿಲ್ಲ, ಏಕೆಂದರೆ ಎಲ್ಲರ ಕಿವಿಯೂ ಕಥೆಯ ಮೇಲಿರುತ್ತದೆ. ಇದನ್ನು ಮಾಡಿದವರು ಮಗುವಿನ ಗೀಚಿನ ಮುಂದೆ ‘ಇದೇನಿದು ಕಾಗೆ ಕಾಲು’ ಎನ್ನುವುದಿಲ್ಲ.

ಚಿತ್ರಕಲಾ ಶಿಕ್ಷಕ, ಗಂಗಾವತಿ

ಇದು ಒಪ್ಪಿಗೆ. ಇದ್ದಿಲಿನ ಜೊತೆ ಕೆಮ್ಮಣ್ಣನ್ನೂ ಸೇರಿಸಿ, ನಮ್ಮ ಕಡೆ ಅದಕ್ಕೇನು ಬರ. ತೆಳುವಾದ ಬ್ರಷ್ ಬೇಡ. ಈಚಲು ಕಡ್ಡಿಯ ತುದಿ ಜಜ್ಜಿದರೆ ಮೂರು ವರ್ಷದ ಮಗುವಿನ ಮುಷ್ಟಿಗೆ ಸರಿಯಾದ ಕುಂಚ. ಆದರೂ ನನ್ನದೊಂದು ಮಾತು ಉಳಿದಿದೆ: ಚಿತ್ರ ಬಿಡಿಸಲು ಬಾರದಿದ್ದರೂ ಪರವಾಗಿಲ್ಲ ಎಂದು ಹೇಳಿ ಹೇಳಿ ಕೌಶಲಕ್ಕೆ ಬೆಲೆಯೇ ಇಲ್ಲದಂತೆ ಮಾಡಬೇಡಿ. ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದ ಚಿತ್ರಗಾರರ ಮನೆಯಲ್ಲಿ ಮಕ್ಕಳು ಕೈ ನೋಡಿಯೇ ಕಲಿತದ್ದು.

ಮೇಲ್ವಿಚಾರಕಿ (ನಿವೃತ್ತ), ಸಿಂಧನೂರು

ಮಕ್ಕಳೇ, ನೀವು ಚಿತ್ರದ ಬಗ್ಗೆ ಚೆನ್ನಾಗಿ ಜಗಳ ಆಡುತ್ತಿದ್ದೀರಿ. ನನಗೆ ಬೇರೊಂದು ಚಿಂತೆ.

ಕಾರ್ಯಕರ್ತೆ ಮೂರು ದಿನ ಕಲಿತು ಹೋಗುತ್ತಾಳೆ. ಮಕ್ಕಳ ಕೈಗೆ ಮಣ್ಣು, ಬಣ್ಣ ಕೊಡುತ್ತಾಳೆ. ನೆಲ ಹೊಲಸಾಗುತ್ತದೆ, ಗೋಡೆ ಗೀಚುಗೀಚಾಗುತ್ತದೆ. ಅಂದೇ ಮೇಲ್ವಿಚಾರಕಿ ಭೇಟಿಗೆ ಬರುತ್ತಾಳೆ. ಅವಳು ನೋಡುವುದು ಏನನ್ನು? ಸ್ವಚ್ಛತೆ, ದಾಖಲೆ ಪುಸ್ತಕ, ಮೊಬೈಲಿನ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಹಾಜರಿ, ಆಹಾರದ ದಾಸ್ತಾನು, ಗೋಡೆಯ ಮೇಲಿನ ಚಾರ್ಟು. ಗೋಡೆಯ ಮೇಲೆ ಚೆಂದದ ನವಿಲು ಇದ್ದರೆ ‘ಚಟುವಟಿಕೆ ನಡೆಯುತ್ತಿದೆ’, ಇಲ್ಲದಿದ್ದರೆ ‘ಸುಧಾರಿಸಿಕೊಳ್ಳಬೇಕು’. ನಾನೂ ಆ ಹುದ್ದೆಯಲ್ಲಿ ಇದ್ದವಳು, ಆ ಕೋಷ್ಟಕಗಳನ್ನು ತುಂಬಿದವಳು. ಅದರಲ್ಲಿ ಮಗು ಏನು ಮಾಡಿತು ಎಂಬುದಕ್ಕೆ ಅಂಕಣವೇ ಇರಲಿಲ್ಲ. ಆದ್ದರಿಂದ ನಿಮ್ಮ ನಲವತ್ತು ಜನರ ಜೊತೆ ಅವರ ಮೇಲ್ವಿಚಾರಕಿಯರನ್ನೂ ಕೂರಿಸಿ, ಅವರ ಕೈಗೂ ಇದ್ದಿಲು ಕೊಡಿ. ಅವರು ಉದ್ಘಾಟನೆಗೆ ಬಂದು ದೀಪ ಬೆಳಗಿ ಹೋದರೆ ಈ ತರಬೇತಿ ನೀರಿನಲ್ಲಿ ಹೋಮ.

ಇನ್ನೊಂದು. ಮಗುವಿನ ಚಿತ್ರ ನೋಡಿ ‘ಇದೇನು?’ ಎನ್ನಬಾರದು, ಅದು ಪರೀಕ್ಷೆಯ ಪ್ರಶ್ನೆ. ‘ಇದರ ಬಗ್ಗೆ ಹೇಳವ್ವ’ ಎನ್ನಬೇಕು. ಮಗು ಹೇಳಿದ ಮಾತನ್ನು ಅದರ ಮಾತಿನಲ್ಲೇ ಚಿತ್ರದ ಕೆಳಗೆ ಬರೆದು, ಬೆರಳಿಟ್ಟು ಓದಿ ತೋರಿಸಬೇಕು. ತಾನು ಆಡಿದ ಮಾತು ಗೆರೆಯಾಗಿ ನಿಂತದ್ದನ್ನು, ನಾಳೆ ಬಂದರೂ ಅದೇ ಮಾತು ಅಲ್ಲಿಯೇ ಇರುವುದನ್ನು ಮಗು ನೋಡುತ್ತದೆ. ಓದು ಬರಹಕ್ಕೆ ಇದಕ್ಕಿಂತ ದೊಡ್ಡ ಹೊಸ್ತಿಲು ನನಗೆ ಗೊತ್ತಿಲ್ಲ. ಖರ್ಚು ಒಂದು ಪೆನ್ಸಿಲ್.

ರಂಗದ ಹುಡುಗ, ಬಳ್ಳಾರಿ

ಗೊಂಬೆಯಾಟವನ್ನು ಎಲ್ಲರೂ ಮರೆತೇ ಬಿಟ್ಟಿರಿ! ತೊಗಲುಗೊಂಬೆಯ ತವರಿನಲ್ಲಿ ಕೂತು ಚಿತ್ರದ ಬಗ್ಗೆಯೇ ಮಾತು. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ನಮ್ಮ ಬಳ್ಳಾರಿಯ ಬೆಳಗಲ್ಲು ವೀರಣ್ಣನವರು 2023ರಲ್ಲಿ ತೀರಿಕೊಂಡರು, ಸ್ವಾತಂತ್ರ್ಯ ಹೋರಾಟದ ಕಥೆಯನ್ನೂ ತೊಗಲುಗೊಂಬೆಗೆ ತಂದವರು ಅವರು. ತರಬೇತಿಯ ಮೊದಲ ಸಂಜೆ ಒಂದು ತಂಡ ಕರೆಸಿ ಪೂರ್ತಿ ಆಟ ಆಡಿಸಿ. ಇಟಲಿಯ ರೆಜಿಯೊ ಎಮಿಲಿಯಾ ಊರಿನ ಶಿಶುಶಾಲೆಗಳಲ್ಲಿ ಕಲಾವಿದರೇ ಸಿಬ್ಬಂದಿಯಾಗಿ ಇರುತ್ತಾರೆ, ಶಾಲೆಗೊಂದು ಕಲಾ ಕೋಣೆ ಇರುತ್ತದೆ. ನಮಗೆ ಏಕೆ ಆಗಬಾರದು?

ಕುಷ್ಟಗಿ ಕಾರ್ಯಕರ್ತೆ

ತಮ್ಮ, ಶಾಲೆಗೊಂದು ಕಲಾ ಕೋಣೆ ಬರಲಿ, ಸಂತೋಷ. ಅದಕ್ಕೂ ಮೊದಲು ಬಾಡಿಗೆ ಕಟ್ಟಡದ ಅಂಗನವಾಡಿಗಳಿಗೆ ಶೌಚಾಲಯ ಬರಲಿ. ನನ್ನ ಒಂದೇ ಕೋಣೆಯಲ್ಲಿ ಒಂದು ಮೂಲೆಗೆ ಅಕ್ಕಿ ಚೀಲ, ಇನ್ನೊಂದು ಮೂಲೆಗೆ ಗ್ಯಾಸ್ ಒಲೆ, ಉಳಿದ ಜಾಗದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು.

ತೊಗಲುಗೊಂಬೆಯಾಟ ನೋಡಲು ನನಗೂ ಆಸೆಯೇ. ಸಣ್ಣವಳಿದ್ದಾಗ ಮಳೆ ಬರಲಿ ಎಂದು ಊರಿನಲ್ಲಿ ಆಡಿಸುತ್ತಿದ್ದರು. ಆದರೆ ಆಟ ನೋಡಿ ಚಪ್ಪಾಳೆ ತಟ್ಟಿ ಬಂದರೆ ಅದು ಮನರಂಜನೆಯಾಯಿತು, ತರಬೇತಿಯಲ್ಲ. ಮರುದಿನ ಬೆಳಿಗ್ಗೆ ನಾನು ಏನು ಮಾಡಲಿ ಎಂಬುದನ್ನು ಹೇಳು.

ರಂಗದ ಹುಡುಗ, ಬಳ್ಳಾರಿ

ಆಯಿತು ಅಕ್ಕ, ಹೇಳುತ್ತೇನೆ. ತೊಗಲು ಬೇಡ, ರಟ್ಟು ಸಾಕು: ಬಿಸ್ಕತ್ತಿನ ಪೊಟ್ಟಣ, ಸೀರೆಯ ಡಬ್ಬಿ. ಕೋಳಿ, ಆಡು, ಅಜ್ಜಿ ಕತ್ತರಿಸಿ ಹಿಂದೆ ಕಡ್ಡಿ ಅಂಟಿಸಿ. ನಿಮ್ಮ ಕೋಣೆಯಲ್ಲಿ ಹಗಲು ಹೊತ್ತು ಕತ್ತಲೆ ಮಾಡುವುದು ಆಗದ ಮಾತು, ಕಿಟಕಿ ಮುಚ್ಚಿದರೆ ಮಕ್ಕಳು ಬೆಂದು ಹೋಗುತ್ತಾರೆ. ಆದ್ದರಿಂದ ಪರದೆ ಅಂಗಳಕ್ಕೆ ಬರಲಿ. ಮಕ್ಕಳು ಬರುವ ಹೊತ್ತಿಗೆ ಬಿಸಿಲು ಇನ್ನೂ ಓರೆಯಾಗಿ ಬೀಳುತ್ತಿರುತ್ತದೆ. ಬಿಳಿ ಪಂಚೆಯನ್ನು ಹಗ್ಗಕ್ಕೆ ಕಟ್ಟಿ, ಸೂರ್ಯನ ಕಡೆ ನೀವು ಗೊಂಬೆ ಹಿಡಿದು ಕೂರಿ, ಮಕ್ಕಳು ಆಚೆ ಬದಿ. ಗೊಂಬೆಯನ್ನು ಬಟ್ಟೆಗೆ ತಾಗಿಸಿದರೆ ನೆರಳು ಗಟ್ಟಿ, ಹಿಂದಕ್ಕೆ ತಂದರೆ ಮಸುಕು. ಮಕ್ಕಳು ಇದನ್ನು ತಾವೇ ಕಂಡುಹಿಡಿಯಲಿ, ನೀವು ಹೇಳಬೇಡಿ. ಬಿಸಿಲೇರಿ ಸೂರ್ಯ ನೆತ್ತಿಗೆ ಬಂದರೆ ಆಟ ಬಂದ್.

ಕೈಗೊಂಬೆಯಾದರೆ ಪರದೆಯೂ ಬೇಡ. ಹಳೆಯ ಕಾಲುಚೀಲಕ್ಕೆ ಎರಡು ಗುಂಡಿ ಹೊಲಿದರೆ ಆಯಿತು. ತರಬೇತಿಯಲ್ಲಿ ಕಲಿಸಬೇಕಾದದ್ದು ಒಂದು ಸಣ್ಣ ಕಸುಬು: ಗೊಂಬೆ ಮಾತನಾಡುವಾಗ ನಿಮ್ಮ ಕಣ್ಣು ಮಕ್ಕಳ ಮೇಲಿರಬಾರದು, ಗೊಂಬೆಯ ಮೇಲಿರಬೇಕು. ಆಗ ಮಕ್ಕಳೂ ನಿಮ್ಮನ್ನು ಬಿಟ್ಟು ಅದನ್ನೇ ನೋಡುತ್ತಾರೆ. ಗೊಂಬೆ ನಿಮ್ಮ ಕಿವಿಯಲ್ಲಿ ಗುಟ್ಟು ಹೇಳಲಿ, ತಪ್ಪು ಎಣಿಸಲಿ, ನಾಚಿಕೊಳ್ಳಲಿ. ಟೀಚರ್ ತಪ್ಪು ಎಣಿಸಿದರೆ ಮಕ್ಕಳು ಸುಮ್ಮನಿರುತ್ತಾರೆ, ಗೊಂಬೆ ತಪ್ಪು ಎಣಿಸಿದರೆ ಇಡೀ ಕೋಣೆ ತಿದ್ದಲು ಎದ್ದು ನಿಲ್ಲುತ್ತದೆ.

ಮೇಲ್ವಿಚಾರಕಿ (ನಿವೃತ್ತ), ಸಿಂಧನೂರು

ಇದು ನಿಜ. ತಿಂಗಳುಗಟ್ಟಲೆ ಬಾಯಿ ಬಿಡದ ಮಗು ಗೊಂಬೆಯ ಹತ್ತಿರ ಪಿಸುಗುಟ್ಟಿದ್ದನ್ನು ನೋಡಿದ್ದೇನೆ. ಹುಡುಗ ಈಗ ಉಪಯೋಗಕ್ಕೆ ಬಂದ.

ಲಿಂಗಸುಗೂರು ತಾಯಿ

ನಾನು ಶಿಕ್ಷಕಿಯಲ್ಲ, ತಾಯಿ. ಇಲ್ಲಿ ಎಲ್ಲರೂ ಗೊಂಬೆ, ಮಣ್ಣು ಎನ್ನುತ್ತಿದ್ದೀರಿ. ನಮ್ಮ ಓಣಿಯಲ್ಲಿ ಒಬ್ಬೊಬ್ಬರಾಗಿ ಮಕ್ಕಳನ್ನು ಅಂಗನವಾಡಿಯಿಂದ ಬಿಡಿಸಿ ದುಡ್ಡು ಕೊಟ್ಟು ಕಾನ್ವೆಂಟಿಗೆ ಕಳುಹಿಸುತ್ತಿರುವುದು ಏಕೆ ಗೊತ್ತೇ? ಅಲ್ಲಿ ಹೋಂವರ್ಕ್ ಕೊಡುತ್ತಾರೆ, ಮಗು ಎಬಿಸಿಡಿ ಬರೆಯುತ್ತದೆ. ಅಂಗನವಾಡಿಯಲ್ಲಿ ಆಟ ಆಡಿಸಿ, ಉಣ್ಣಿಸಿ, ಮಲಗಿಸಿ ಕಳುಹಿಸುತ್ತಾರೆ. ಹತ್ತಿ ಬಿಡಿಸುವ ಕೂಲಿಯಿಂದ ಶುಲ್ಕ ಕಟ್ಟುವವರು ಮಗು ಮಣ್ಣು ಕಲಸುವುದನ್ನು ಕಲಿಯಲಿ ಎಂದು ಕಟ್ಟುವುದಿಲ್ಲ. ಮಣ್ಣು ನಮ್ಮ ಮನೆಯಲ್ಲೇ ಬೇಕಾದಷ್ಟಿದೆ.

ಕುಷ್ಟಗಿ ಕಾರ್ಯಕರ್ತೆ

ಅಕ್ಕ, ನಿಮ್ಮ ಮಾತಿಗೆ ನಾನು ಸಿಟ್ಟಾಗುವುದಿಲ್ಲ. ಇದೇ ಮಾತನ್ನು ನಮ್ಮ ಬಾಲವಿಕಾಸ ಸಮಿತಿಯ ಸಭೆಯಲ್ಲಿ ಪ್ರತಿಸಲ ಕೇಳುತ್ತೇನೆ.

ನಿಮ್ಮ ಮಗು ಪೆನ್ಸಿಲ್ ಹಿಡಿಯುವುದನ್ನು ಒಮ್ಮೆ ನೋಡಿ. ಮೂರು ವರ್ಷದ ಮಗು ಮುಷ್ಟಿ ಕಟ್ಟಿ ಹಿಡಿದು ಭುಜದಿಂದ ಗೀಚುತ್ತದೆ. ಬಲ ಮೊದಲು ಭುಜಕ್ಕೆ, ಆಮೇಲೆ ಮೊಣಕೈಗೆ, ಮಣಿಕಟ್ಟಿಗೆ, ಕಟ್ಟಕಡೆಗೆ ಬೆರಳ ತುದಿಗೆ ಬರುತ್ತದೆ. ಬೆರಳಿಗೆ ಬಲ ಬರುವ ಮೊದಲೇ ನಾಲ್ಕು ಗೆರೆಯ ಪುಸ್ತಕದಲ್ಲಿ ಬರೆಸಿದರೆ ಕೈ ನೋಯುತ್ತದೆ, ಮಗು ಬರೆಯುವುದನ್ನೇ ದ್ವೇಷಿಸುತ್ತದೆ. ಮಣ್ಣು ನಾದುವುದು, ಕಾಗದ ಹರಿಯುವುದು, ದಾರಕ್ಕೆ ಹೂವು ಪೋಣಿಸುವುದು, ಗೋಡೆಗೆ ನೀರಿನಲ್ಲಿ ಬಣ್ಣ ಬಳಿದಂತೆ ಬ್ರಷ್ ಆಡಿಸುವುದು, ಇವೆಲ್ಲ ಬರೆಯುವ ಕೈಯ ತಯಾರಿ. ನಾನು ಆಟ ಆಡಿಸುವುದು ನಿಜ, ಸುಮ್ಮನೆ ಆಡಿಸುವುದಿಲ್ಲ.

ಲಿಂಗಸುಗೂರು ತಾಯಿ

ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಆದರೆ ನೀವು ಹೇಳಿದಂತೆ ಮಾಡಿ, ಒಂದನೇ ತರಗತಿಗೆ ಹೋದಾಗ ಕಾನ್ವೆಂಟಿನಿಂದ ಬಂದ ಮಕ್ಕಳ ಮುಂದೆ ನನ್ನ ಮಗನನ್ನು ದಡ್ಡ ಎಂದು ಹಿಂದೆ ಕೂರಿಸಿದರೆ ಯಾರು ಹೊಣೆ?

ನಲಿಕಲಿ ಮೇಷ್ಟ್ರು, ಮಾನ್ವಿ

ತಾಯಿ ಕೇಳುತ್ತಿರುವ ಪ್ರಶ್ನೆ ನನ್ನಂಥ ಒಂದನೇ ತರಗತಿಯವರಿಗೆ. ಕಾರ್ಯಕರ್ತೆ ಎಷ್ಟು ಚೆನ್ನಾಗಿ ಮಾಡಿದರೂ ನಾನು ಜೂನ್ ತಿಂಗಳ ಮೊದಲ ವಾರವೇ ಕಾಪಿ ಬರೆಸಲು ಕುಳಿತರೆ ಅವರ ಕೆಲಸ ಹಾಳು. ಹೊಸ ಶಿಕ್ಷಣ ನೀತಿ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ ಎಂದದ್ದು ಇದಕ್ಕಾಗಿಯೇ. ಆದರೆ ಅಂಗನವಾಡಿ ಒಂದು ಇಲಾಖೆ, ಶಾಲೆ ಇನ್ನೊಂದು ಇಲಾಖೆ. ಒಂದೇ ಕಾಂಪೌಂಡಿನಲ್ಲಿ ಇದ್ದರೂ ಒಬ್ಬರ ತರಬೇತಿಗೆ ಇನ್ನೊಬ್ಬರನ್ನು ಕರೆಯುವುದಿಲ್ಲ. ಈಗ ಅದೇ ಶಾಲೆಯಲ್ಲಿ ಎಲ್‌ಕೆಜಿ ತೆರೆದ ಮೇಲೆ ನಾಲ್ಕು ವರ್ಷದ ಮಗುವಿಗಾಗಿ ಎರಡೂ ಕಡೆ ಎಳೆದಾಟ ಬೇರೆ. ಕೊಪ್ಪಳದವರೇ, ಒಂದು ದಿನದ ಮಟ್ಟಿಗಾದರೂ ಆ ಊರುಗಳ ನಲಿಕಲಿ ಶಿಕ್ಷಕರನ್ನು ಕರೆಯಿರಿ. ನಮ್ಮ ತರಗತಿಗಳಲ್ಲಿ ಗೋಡೆಯ ಕೆಳಭಾಗದಲ್ಲಿ ಮಕ್ಕಳ ಎತ್ತರಕ್ಕೆ ಕಪ್ಪು ಬಳಿದು ಹಲಗೆ ಮಾಡಿರುತ್ತೇವೆ, ಅದೊಂದನ್ನು ಅಂಗನವಾಡಿಯವರು ನೋಡಿಕೊಂಡು ಹೋದರೂ ಲಾಭ. ಕಾಗದದ ಖರ್ಚೇ ಉಳಿಯುತ್ತದೆ.

ಸಂಡೂರು ತಾಂಡಾ

ನಾನು ಅತಿಥಿ ಶಿಕ್ಷಕಿ, ಎಲ್‌ಕೆಜಿ. ನಮ್ಮ ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಮಾತನಾಡುತ್ತಾರೆ. ತರಬೇತಿಯಲ್ಲಿ ಕೊಡುವ ಶಿಶುಗೀತೆಗಳನ್ನು ಅವರು ಗಿಣಿಪಾಠ ಒಪ್ಪಿಸುತ್ತಾರೆ, ಅರ್ಥ ಗೊತ್ತಾಗುವುದಿಲ್ಲ. ರಾಯಚೂರಿನ ಗಡಿಯಲ್ಲಿ ತೆಲುಗು, ಪೇಟೆಯ ಓಣಿಗಳಲ್ಲಿ ಉರ್ದು, ಅಲ್ಲಿಯೂ ಇದೇ ಕಥೆ ಇರಬೇಕು. ತರಬೇತಿಯಲ್ಲಿ ಇದರ ಬಗ್ಗೆ ಒಂದು ಮಾತೂ ಬರುವುದಿಲ್ಲ.

ನಾನು ಮಾಡಿದ್ದು ಇಷ್ಟೇ. ಮಗುವನ್ನು ಬಿಡಲು ಬರುವ ಅಜ್ಜಿಯರನ್ನು ಸ್ವಲ್ಪ ಹೊತ್ತು ಕೂರಿಸಿ ತೊಟ್ಟಿಲ ಹಾಡು, ಹಬ್ಬದ ಹಾಡು ಹೇಳಿಸಿದೆ. ಮಕ್ಕಳು ಆ ದಿನ ಅಳಲಿಲ್ಲ. ನಿಧಾನವಾಗಿ ಅದೇ ಧಾಟಿಗೆ ನಾನು ಕನ್ನಡದ ಸಣ್ಣ ಮಾತು ಸೇರಿಸಿದೆ: ಕೈ ತೊಳೆಯೋಣ, ಸಾಲು ನಿಲ್ಲೋಣ. ಪರಿಚಯದ ಧಾಟಿಯಲ್ಲಿ ಬಂದ ಕನ್ನಡ ಬೇಗ ಹತ್ತಿತು.

ಇನ್ನೊಂದು ವಿಷಯ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತು ಸಿಕ್ಕಿದೆ, ಹೊರಗಿನವರು ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆದರೆ ಅದೇ ಮನೆಯ ಮಗುವಿಗೆ ವಿನ್ಯಾಸ ಕಲಿಸಲು ನಮಗೆ ಅಚ್ಚಾದ ಕಾರ್ಡು ಕೊಡುತ್ತಾರೆ. ಅವ್ವನ ಫೇಟಿಯಾ, ಅಂದರೆ ಕಸೂತಿಯ ಲಂಗ, ತಂದು ಹಾಸಿದರೆ ಸಾಕು. ಕನ್ನಡಿ, ಕವಡೆ, ಕನ್ನಡಿ, ಕವಡೆ. ಮುಂದೆ ಏನು ಬರಬೇಕು? ಮಕ್ಕಳು ಬೀಜ, ಗುಂಡಿ ಇಟ್ಟು ಅದೇ ಸಾಲನ್ನು ನೆಲದ ಮೇಲೆ ಮುಂದುವರಿಸುತ್ತಾರೆ. ಗಣಿತದ ಮೊದಲ ಪಾಠವೇ ಅದು.

ಮೇಲ್ವಿಚಾರಕಿ (ನಿವೃತ್ತ), ಸಿಂಧನೂರು

ಬಹಳ ಚೆನ್ನಾಗಿ ಹೇಳಿದೆ ಮಗಳೇ. ಬೀಜದ ಮಾತು ಬಂದದ್ದರಿಂದ ಎಲ್ಲರೂ ಗಮನಿಸಿ: ಗುಲಗಂಜಿ ಚೆಂದ ಕಾಣುತ್ತದೆ ಎಂದು ತರಬೇಡಿ, ಅದು ವಿಷ, ಅಗಿದು ನುಂಗಿದರೆ ಜೀವಕ್ಕೆ ಅಪಾಯ. ಔಡಲ ಬೀಜವೂ ಬೇಡ, ಅದೂ ಅಷ್ಟೇ ಕೆಟ್ಟದ್ದು. ಕಡಲೆ, ಬಟಾಣಿ, ಹುಣಸೆ ಬೀಜ, ಸಣ್ಣ ಗುಂಡಿ ಮೂಗಿಗೆ, ಕಿವಿಗೆ ಹೋಗುತ್ತವೆ, ಗಂಟಲಿಗೂ ಸಿಕ್ಕಿಕೊಳ್ಳುತ್ತವೆ. ಮೂರು ವರ್ಷದವರಿಗೆ ಡಬ್ಬಿಯ ದೊಡ್ಡ ಮುಚ್ಚಳ, ಬಾಯಿಗೆ ಹಿಡಿಸದ ಕಲ್ಲು ಕೊಡಿ. ಅರಿಶಿನಕ್ಕೆ ಸುಣ್ಣ ಬೆರೆಸಿದರೆ ಕೆಂಪು ಬಣ್ಣ ಬರುವುದು ನಿಜ, ಆದರೆ ಸುಣ್ಣ ಮಕ್ಕಳ ಕೈ, ಕಣ್ಣು ಸುಡುತ್ತದೆ. ಅದನ್ನು ದೊಡ್ಡವರು ಮಾಡಿ ತೋರಿಸಲಿ, ಮಕ್ಕಳು ಕಲಸುವುದು ಬೇಡ. ತರಬೇತಿಯಲ್ಲಿ ಈ ಮಾತುಗಳಿಗೆ ಅರ್ಧ ಗಂಟೆ ಇಡಿ, ಇದನ್ನು ಯಾರೂ ಹೇಳುವುದಿಲ್ಲ.

ಹಾಗೆಯೇ ಒಂದು ಹಳೆಯ ಕಥೆ. ಈ ‘ಅಂಗಳದ ಶಾಲೆ’ಯ ಕಲ್ಪನೆಗೆ ಬುನಾದಿ ಹಾಕಿದವರಲ್ಲಿ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್ ಮುಖ್ಯರು. 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಶುರು ಮಾಡಿದರು, ಆಮೇಲೆ ಕೋಸಬಾಡದ ಆದಿವಾಸಿ ಮಕ್ಕಳ ನಡುವೆ ಕೆಲಸ. ದುಬಾರಿ ಮಾಂಟೆಸ್ಸರಿ ಸಾಮಗ್ರಿಯ ಬದಲು ಕಲ್ಲು, ಎಲೆ, ಬೀಜ, ಮಣ್ಣು ಬಳಸಿದರು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯನ್ನೇ ಮಕ್ಕಳ ಅಂಗಳಕ್ಕೆ ಕೊಂಡೊಯ್ದರು. ಅಂಗನವಾಡಿಗಳನ್ನು ನಡೆಸುವ ಸರ್ಕಾರದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ (ಐಸಿಡಿಎಸ್) ಬಂದದ್ದು ಅದಾದ ಎಷ್ಟೋ ವರ್ಷಗಳ ಮೇಲೆ, 1975ರ ಅಕ್ಟೋಬರ್ 2ರಂದು. ನಮ್ಮ ರಾಜ್ಯದಲ್ಲಿ ಮೊದಲು ಟಿ. ನರಸೀಪುರಕ್ಕೆ. ಅಂಗನವಾಡಿ ಎಂಬ ಹೆಸರು ಉಳಿಯಿತು, ಕಲ್ಲು ಮಣ್ಣು ಹೋಗಿ ಚಾರ್ಟು ಬಂತು.

ಕೊಪ್ಪಳದ ತರಬೇತುದಾರ

ಎಲ್ಲರಿಗೂ ಧನ್ಯವಾದ. ಈವರೆಗಿನ ಮಾತಿನಿಂದ ಒಂದು ಕರಡು ಮಾಡಿದ್ದೇನೆ. ಮೊದಲ ದಿನ ಬೆಳಿಗ್ಗೆ ‘ನಿಮಗೆ ಏನು ಬರುತ್ತದೆ’ ಎಂಬ ಪ್ರಶ್ನೆ, ಬಂದವರ ಹಾಡು, ಕಥೆ, ಕೈಕೆಲಸ. ಮಧ್ಯಾಹ್ನ ಇದ್ದಿಲಿನ ದಾರಿ. ಎರಡನೆಯ ದಿನ ಮಣ್ಣು, ನೆರಳುಗೊಂಬೆ, ಮನೆಮಾತಿನ ಹಾಡುಗಳು. ಆ ದಿನ ನಲಿಕಲಿ ಶಿಕ್ಷಕರನ್ನೂ ಕರೆಯುತ್ತೇನೆ. ಮೂರನೆಯ ದಿನ ಪ್ರದರ್ಶನದ ಬದಲು ಎಲ್ಲರನ್ನೂ ಹತ್ತಿರದ ಅಂಗನವಾಡಿಗೆ ಕರೆದುಕೊಂಡು ಹೋಗಿ ನಿಜವಾದ ಮಕ್ಕಳ ಜೊತೆ ಕೆಲಸ.

ಮೇಲ್ವಿಚಾರಕಿಯರು ಮೂರೂ ದಿನ ಕೂರುವಂತೆ ಕೇಳಿದ್ದೇನೆ, ಒಂದು ದಿನಕ್ಕೆ ಒಪ್ಪಿದ್ದಾರೆ. ಪ್ರದರ್ಶನ ಇಲ್ಲ ಎಂದದ್ದಕ್ಕೆ ‘ಹಾಗಾದರೆ ವರದಿಗೆ ಏನು ಫೋಟೊ ಹಾಕುವುದು’ ಎಂದು ಕೇಳಿದರು.

ಕುಷ್ಟಗಿ ಕಾರ್ಯಕರ್ತೆ

ನಲವತ್ತು ಜನ ಒಂದೇ ಅಂಗನವಾಡಿಗೆ ನುಗ್ಗಿದರೆ ಮಕ್ಕಳು ಚೀರಿಕೊಂಡು ಮನೆಗೆ ಓಡುತ್ತವೆ. ಮೂರು ಮೂರು ಜನ ಮಾಡಿ ಹತ್ತಾರು ಕೇಂದ್ರಗಳಿಗೆ ಹಂಚಿ. ಒಬ್ಬಳು ಮಕ್ಕಳ ಜೊತೆ ಕೂರಲಿ, ಒಬ್ಬಳು ಮಕ್ಕಳು ಆಡಿದ ಮಾತು ಬರೆದುಕೊಳ್ಳಲಿ, ಇನ್ನೊಬ್ಬಳು ಒಂದೇ ಒಂದು ಮಗುವನ್ನು ಬಿಡದೆ ನೋಡಲಿ. ಆ ಕೇಂದ್ರದ ಕಾರ್ಯಕರ್ತೆಗೆ ಮೊದಲೇ ತಿಳಿಸಿ, ಅವಳಿಗೆ ಅದು ತಪಾಸಣೆ ಅನ್ನಿಸಬಾರದು.

ಫೋಟೊ ಬೇಕಾದರೆ ಮಕ್ಕಳ ಕೈಗಳ ಫೋಟೊ ತೆಗೆಯಲಿ. ಮುಖ ಬೇಡ.

ಆಮೇಲೆ ಏನು ಎಂಬುದು ಇನ್ನೂ ಮುಖ್ಯ. ಪ್ರತಿ ತಿಂಗಳು ವಲಯದ ಸಭೆಗೆ ನಾವು ಹೇಗೂ ಬರುತ್ತೇವೆ, ದಾಖಲೆ ಒಪ್ಪಿಸಿ ಬೈಗುಳ ತಿಂದು ಹೋಗುತ್ತೇವೆ. ಆ ಸಭೆಯಲ್ಲಿ ಒಂದು ಗಂಟೆ ಬಿಡಿಸಿಕೊಡಿ. ಪ್ರತಿಯೊಬ್ಬಳೂ ಒಂದು ಮಗುವಿನ ಒಂದು ಚಿತ್ರ, ಕೆಳಗೆ ಬರೆದ ಮಾತಿನ ಸಮೇತ ತರಲಿ. ಒಬ್ಬಳದು ನೋಡಿ ಇನ್ನೊಬ್ಬಳು ಕಲಿಯುತ್ತಾಳೆ.

ಚಿತ್ರಕಲಾ ಶಿಕ್ಷಕ, ಗಂಗಾವತಿ

ವಲಯದ ಸಭೆಗೆ ನಾನು ಬರುತ್ತೇನೆ, ದುಡ್ಡು ಬೇಡ. ಬಾತುಕೋಳಿ ತರುವುದಿಲ್ಲ.

ಲಿಂಗಸುಗೂರು ತಾಯಿ

ತಾಯಂದಿರ ಸಭೆಯಲ್ಲೂ ಆ ಚಿತ್ರಗಳನ್ನು ತೋರಿಸಿ. ಜೂನ್‌ನದು ಮತ್ತು ಡಿಸೆಂಬರಿನದು ಪಕ್ಕಪಕ್ಕ ಇಟ್ಟು ತೋರಿಸಿದರೆ ನಮಗೂ ಏನಾದರೂ ಕಂಡೀತು. ಬಾಯಿ ಮಾತಿಗೆ ಯಾರೂ ಒಪ್ಪುವುದಿಲ್ಲ. ನಾನೂ ಇನ್ನೂ ಪೂರ್ತಿ ಒಪ್ಪಿಲ್ಲ.

ಸಂಡೂರು ತಾಂಡಾ

ಮಣ್ಣಿನ ಬಗ್ಗೆ ಕೇಳಬೇಕಿತ್ತು. ನಮ್ಮಲ್ಲಿ ಅದಿರಿನ ಕೆಂಪು ಧೂಳು ಬಿಟ್ಟರೆ ಕಲಸಲು ಬರುವ ಮಣ್ಣು ಸಿಗುವುದಿಲ್ಲ. ಹೊಲದ ಎರೆ ಮಣ್ಣು ತಂದು ನೋಡಿದೆ, ಒಣಗಿದ ಮೇಲೆ ಬಿರುಕು ಬಿಟ್ಟು ಕಾಲು, ಕೊಂಬು ಎಲ್ಲ ಉದುರುತ್ತವೆ.

ಕುಷ್ಟಗಿ ಕಾರ್ಯಕರ್ತೆ

ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಅದಕ್ಕೇ ಬಿರುಕು. ಹೊಲದಲ್ಲೇ ಬೇಸಿಗೆಯಲ್ಲಿ ಕಾಲು ಹೋ‌ಗುವಷ್ಟು ಬಾಯಿ ಬಿಡುತ್ತದೆ, ಎತ್ತಿನ ಕೊಂಬು ಯಾವ ಲೆಕ್ಕ. ಜರಡಿ ಹಿಡಿದು, ಸ್ವಲ್ಪ ಸಣ್ಣ ಮರಳು ಮತ್ತು ಕತ್ತರಿಸಿದ ಹುಲ್ಲು ಸೇರಿಸಿ ನಾದಿ ಒಂದು ರಾತ್ರಿ ಒದ್ದೆ ಗೋಣಿಯಲ್ಲಿ ಇಡಿ. ನೆರಳಿನಲ್ಲಿ ಒಣಗಿಸಿ. ಕುಂಬಾರರು ಹತ್ತಿರ ಇದ್ದರೆ ಅವರ ಮಣ್ಣೇ ಉತ್ತಮ, ಮಣ್ಣೆತ್ತಿನ ಅಮಾವಾಸ್ಯೆಯ ಹೊತ್ತಿಗೆ ಹೇಗೂ ಅವರು ರಾಶಿ ಕಲಸಿರುತ್ತಾರೆ. ಅಂಗನವಾಡಿಗೆ ಹೊಸ ಮಕ್ಕಳು ಬರುವುದೂ ಅದೇ ಆಸುಪಾಸಿನಲ್ಲಿ. ಒಣಗಿ ಉಳಿಯಲೇಬೇಕು ಎಂದೇನೂ ಇಲ್ಲ, ಮಕ್ಕಳು ಮಾಡಿ, ಮುರಿದು, ಮತ್ತೆ ಉಂಡೆ ಕಟ್ಟಿದರೆ ಸಾಕು.

ರಂಗದ ಹುಡುಗ, ಬಳ್ಳಾರಿ

ರಟ್ಟು ಅಂಟಿಸಲು ಅಂಟು? ಪೇಟೆಯ ಅಂಟು ದುಬಾರಿ. ನಮ್ಮ ನಾಟಕದ ಪೋಸ್ಟರಿಗೆ ಮೈದಾ ಕುದಿಸಿ ಮೈಲುತುತ್ತ ಹಾಕುತ್ತೇವೆ, ಹುಳ ಹಿಡಿಯುವುದಿಲ್ಲ.

ಮೇಲ್ವಿಚಾರಕಿ (ನಿವೃತ್ತ), ಸಿಂಧನೂರು

ಮಕ್ಕಳಿರುವಲ್ಲಿ ಮೈಲುತುತ್ತ ಖಂಡಿತ ಬೇಡ, ಅದು ವಿಷ. ಬರೀ ಮೈದಾ ಅಂಟು ಆ ದಿನಕ್ಕೆ ಸಾಕು, ಮರುದಿನ ಹೊಸದು ಕುದಿಸಿ.

ಚಿತ್ರಕಲಾ ಶಿಕ್ಷಕ, ಗಂಗಾವತಿ

ಗಟ್ಟಿ ಅಂಟು ಬೇಕೆಂದರೆ ಹುಣಸೆ ಬೀಜದ್ದು. ಕಿನ್ನಾಳದವರು ಮರದ ಹೊಟ್ಟಿಗೆ ಅದೇ ಅಂಟನ್ನು ಬೆರೆಸಿ ಗೊಂಬೆಯ ಸಂದು ಮುಚ್ಚುತ್ತಾರೆ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ನೀರು ಹಾಕಿ ಸಣ್ಣ ಉರಿಯಲ್ಲಿ ಗಂಜಿಯಂತೆ ಬರುವವರೆಗೆ ಕೈಬಿಡದೆ ತಿರುವಿ. ತರಬೇತಿಯ ಹಿಂದಿನ ದಿನ ಒಂದು ಪಾತ್ರೆ ಮಾಡಿ ತರುತ್ತೇನೆ. ಒಲೆಯ ವ್ಯವಸ್ಥೆ ಇದ್ದರೆ ಅಲ್ಲಿಯೇ ಮಾಡಿ ತೋರಿಸುತ್ತೇನೆ.

ಕೊಪ್ಪಳದ ತರಬೇತುದಾರ

ಒಲೆ ಇದೆ, ಅಡುಗೆಯವರನ್ನು ಒಪ್ಪಿಸುವುದು ನನ್ನ ಕೆಲಸ. ಬೀಜ ಮಾತ್ರ ನೀವೇ ತನ್ನಿ ಸರ್. ಅಂಟು, ಮಣ್ಣು, ಇದ್ದಿಲು, ಹಳೆಯ ಕ್ಯಾಲೆಂಡರ್, ಪಂಚೆ, ಕಾಲುಚೀಲ: ಇದಕ್ಕೆ ಸಾಮಗ್ರಿ ವೆಚ್ಚವೆಂದು ಬಿಲ್ ಎಲ್ಲಿಂದ ತರಲಿ ಎಂದು ಲೆಕ್ಕದವರು ಈಗಲೇ ಕೇಳುತ್ತಿದ್ದಾರೆ. ಗೊತ್ತಿದ್ದವರು ಹೇಳಿ.

ಕುಷ್ಟಗಿ ಕಾರ್ಯಕರ್ತೆ

ಆ ದುಡ್ಡಿಗೆ ಸಂಜೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ತರಿಸಿ ಸರ್. ಅದಕ್ಕೆ ಬಿಲ್ ಸಿಗುತ್ತದೆ.